ಹಾರಿದ ಕುದುರೆ ವಾಪಸ್ ಬರುತ್ತದಾ?

ನಾನು ಏಳೇ ನಡೆಯಲ್ಲಿ ಸೋತ ಒಂದು ಚೆಸ್ ಆಟದಿಂದ ಶುರು ಮಾಡುತ್ತೇನೆ. ಐದು ನಿಮಿಷದ ಆನ್‌ಲೈನ್ ಆಟ, ನನ್ನದು ಬಿಳಿ. ಇಬ್ಬರೂ ರಾಜನ ಮುಂದಿನ ಕಾಲಾಳನ್ನು ಎರಡು ಮನೆ ಮುಂದೆ ತಳ್ಳಿದೆವು. ನನ್ನ ಕುದುರೆ ಎಫ್3ಕ್ಕೆ ಬಂತು, ಅವರದ್ದು ಸಿ6ಕ್ಕೆ. (ಮನೆಗಳ ಹೆಸರು ಹೀಗೆ: ಬಿಳಿಯ ಕಡೆಯಿಂದ ನೋಡಿದರೆ ಎಡದಿಂದ ಬಲಕ್ಕೆ ಎಯಿಂದ ಎಚ್, ಕೆಳಗಿನಿಂದ ಮೇಲಕ್ಕೆ 1ರಿಂದ 8.) ನಾನು ಒಂಟೆಯನ್ನು ಸಿ4ಕ್ಕೆ ತಂದೆ. ಆಗ ಅವರು ಅದೇ ಕುದುರೆಯನ್ನು ಮತ್ತೆ ಎತ್ತಿ ಡಿ4ರಲ್ಲಿ ಇಟ್ಟರು. ಇ5ರಲ್ಲಿದ್ದ ಅವರ ಕಾಲಾಳಿಗೆ ಕಾವಲೇ ಇಲ್ಲದಂತಾಯಿತು. ಪುಕ್ಕಟೆ ಸಿಕ್ಕಿತಲ್ಲ ಅಂತ ಕುದುರೆಯಿಂದ ಹೊಡೆದೆ. ಅವರು ರಾಣಿಯನ್ನು ಜಿ5ಕ್ಕೆ ತಂದರು.

ಈಗ ನನ್ನ ಕಣ್ಣು ಎಫ್7 ಮೇಲೆ ಬಿತ್ತು. ಕುದುರೆ ಅಲ್ಲಿಗೆ ಹಾರಿದರೆ ಒಂದು ಕಾಲಾಳು ಸಿಗುತ್ತದೆ. ಅಲ್ಲಿಂದ ಜಿ5ರ ರಾಣಿಗೂ ಏಟು, ಎಚ್8ರ ಆನೆಗೂ ಏಟು. ಬಾಯಲ್ಲಿ ನೀರೂರಿತು. ಯೋಚನೆ ಮುಗಿಯುವ ಮೊದಲೇ ಬೆರಳು ಕುದುರೆಯನ್ನು ಎಳೆದಾಗಿತ್ತು.

ಅವರ ರಾಣಿ ಓಡಿಹೋಗಲಿಲ್ಲ. ಜಿ2ರಲ್ಲಿದ್ದ ನನ್ನ ಕಾಲಾಳನ್ನು ಹೊಡೆದು ನನ್ನ ಆನೆಯ ಪಕ್ಕದಲ್ಲೇ ಬಂದು ನಿಂತಿತು. ಆನೆಯನ್ನು ಎಫ್1ಕ್ಕೆ ಸರಿಸಿದೆ. ರಾಣಿ ಇ4ರ ಕಾಲಾಳನ್ನೂ ಹೊಡೆದು ಚೆಕ್ ಕೊಟ್ಟಿತು. ಒಂಟೆಯನ್ನು ಇ2ಕ್ಕೆ ತಂದು ಅಡ್ಡ ಇಟ್ಟೆ. ಅವರ ಕುದುರೆ ಡಿ4ರಿಂದ ಎಫ್3ಕ್ಕೆ ಹಾರಿತು. ಚೆಕ್‌ಮೇಟ್. ನನ್ನ ರಾಜನ ಸುತ್ತ ಎಲ್ಲ ಮನೆಗಳಲ್ಲೂ ನನ್ನವರೇ ಕೂತಿದ್ದರು. ಒಂಟೆ ಪಿನ್ ಆಗಿತ್ತು, ಅಂದರೆ ಅದು ಸರಿದರೆ ಹಿಂದಿನ ರಾಜನಿಗೇ ಏಟು, ಅಲ್ಲಾಡುವ ಹಾಗಿರಲಿಲ್ಲ. ರಾಣಿ, ಆನೆ ಎರಡರ ಮೇಲೂ ಬಿದ್ದ ನನ್ನ ಕುದುರೆ ಮಾತ್ರ ಎಫ್7ರಲ್ಲಿ ನಿಂತು ಎಲ್ಲವನ್ನೂ ನೋಡುತ್ತಿತ್ತು.

ಇದು ಹಳೇ ಬಲೆ. ಇದಕ್ಕೆ ಬ್ಲ್ಯಾಕ್‌ಬರ್ನ್ ಶಿಲ್ಲಿಂಗ್ ಗ್ಯಾಂಬಿಟ್ ಅಂತ ಹೆಸರು. ಜೋಸೆಫ್ ಹೆನ್ರಿ ಬ್ಲ್ಯಾಕ್‌ಬರ್ನ್ ಅನ್ನುವ ಇಂಗ್ಲಿಷ್ ಆಟಗಾರ ಒಂದು ಶಿಲ್ಲಿಂಗ್ ಪಣಕ್ಕೆ ಹವ್ಯಾಸಿಗಳನ್ನು ಹೀಗೆ ಬೀಳಿಸುತ್ತಿದ್ದ ಅನ್ನೋದು ಕಥೆ. ಅವನು ಇದನ್ನು ಆಡಿದ ಒಂದು ಆಟವೂ ದಾಖಲೆಯಲ್ಲಿಲ್ಲ, ಅದು ಬೇರೆ ಮಾತು. ಈ ಬಲೆಗೆ ಕಟ್ಟಿದ ಮೇವು ಏನು ಅನ್ನೋದು ನಮಗೆ ಮುಖ್ಯ. ಮೇವು ಒಂದು ಚಂದದ ಕುದುರೆ ಫೋರ್ಕ್.

ಒಂದೇ ಕಾಯಿ ಒಂದೇ ನಡೆಯಲ್ಲಿ ಎರಡು ಕಾಯಿಗಳ ಮೇಲೆ ಬಿದ್ದರೆ ಅದು ಫೋರ್ಕ್. ಎದುರಾಳಿಗೆ ಇತ್ತ ದರಿ ಅತ್ತ ಪುಲಿ. ಒಂದನ್ನು ಉಳಿಸಿಕೊಂಡರೆ ಇನ್ನೊಂದು ಹೋಗುತ್ತದೆ. ಕಾಲಾಳಿನಿಂದ ರಾಣಿವರೆಗೆ ಯಾರು ಬೇಕಾದರೂ ಫೋರ್ಕ್ ಹಾಕಬಹುದು. ಆದರೂ ಫೋರ್ಕ್ ಅಂದ ಕೂಡಲೇ ನೆನಪಾಗೋದು ಕುದುರೆಯೇ ಅಲ್ವಾ? ಅದಕ್ಕೆ ಕಾರಣ ಕುದುರೆಯ ನಡೆಯಲ್ಲೇ ಇದೆ.

ರಾಣಿ ಬೋರ್ಡಿನ ಮಧ್ಯದಲ್ಲಿ ನಿಂತಿದೆ ಅಂದುಕೊಳ್ಳಿ. ಅದರ ಸುತ್ತ ಎರಡು ಮನೆ ದೂರದವರೆಗೆ ಎಣಿಸಿದರೆ 24 ಮನೆಗಳು ಸಿಗುತ್ತವೆ. ಅದರಲ್ಲಿ 16ಕ್ಕೆ ರಾಣಿ ಹೋಗಬಲ್ಲದು. ಉಳಿದ 8 ಮನೆಗಳಿಗೆ ಹೋಗಲಾರದು. ಆ ಎಂಟೂ ಸರಿಯಾಗಿ ಕುದುರೆ ಹಾರುವ ಮನೆಗಳು! ಅಂದರೆ ಕುದುರೆ ಯಾವ ಮನೆಯಿಂದ ರಾಣಿಯನ್ನು ಹೆದರಿಸುತ್ತದೋ ಆ ಮನೆಗೆ ರಾಣಿಯ ಕೈ ಎಟುಕುವುದಿಲ್ಲ. ಆನೆ, ಒಂಟೆ, ರಾಜ, ಕಾಲಾಳು ಎಲ್ಲರದ್ದೂ ಇದೇ ಕಥೆ. ಏಟು ತಿಂದವರಲ್ಲಿ ತಿರುಗಿ ಹೊಡೆಯಬಲ್ಲದ್ದು ಎದುರಾಳಿಯ ಕುದುರೆ ಒಂದೇ. ಜೊತೆಗೆ, ಕುದುರೆ ಕೊಟ್ಟ ಚೆಕ್‌ಗೆ ಅಡ್ಡ ಇಡಲು ಬರುವುದಿಲ್ಲ. ರಾಜ ಸರಿಯಬೇಕು, ಇಲ್ಲವೇ ಯಾರಾದರೂ ಕುದುರೆಯನ್ನೇ ಹೊಡೆಯಬೇಕು.

ಇಷ್ಟು ಕೇಳಿದರೆ ಕುದುರೆ ಫೋರ್ಕ್‌ಗೆ ಮದ್ದೇ ಇಲ್ಲ ಅನ್ನಿಸುತ್ತದೆ. ನಾವು ಮೋಸ ಹೋಗೋದೂ ಇಲ್ಲೇ. ಫೋರ್ಕ್‌ನಲ್ಲಿ ಸಿಕ್ಕಿಬಿದ್ದ ಎರಡು ಕಾಯಿಗಳು ಏನೂ ಮಾಡಲಾರವು ಅಂತ ಖಾತ್ರಿಯಾದ ಕೂಡಲೇ ನಮ್ಮ ಕಣ್ಣು ಆ ಎರಡನ್ನೇ ನೋಡುತ್ತದೆ. ಏಟು ಬರೋದು ಮೂರನೆಯ ಕಡೆಯಿಂದ.

ಹೊಸಬರ ಆಟಗಳಲ್ಲಿ ದಿನಾ ಕಾಣುವುದು ಸಿ7 ಮನೆಯ ಫೋರ್ಕ್. ಬಿಳಿ ಕುದುರೆ ಬಿ5ಕ್ಕೆ ಬರುತ್ತದೆ. ಮುಂದಿನ ನಡೆಯಲ್ಲಿ ಸಿ7ಕ್ಕೆ ಹಾರಿದರೆ ಇ8ರ ರಾಜನಿಗೆ ಚೆಕ್, ಎ8ರ ಆನೆಗೆ ಏಟು. ರಾಜ ಸರಿಯಲೇಬೇಕು, ಆನೆ ನಮ್ಮದು. ಆದರೆ ಕಪ್ಪು ರಾಣಿ ತನ್ನ ಮೂಲ ಮನೆ ಡಿ8ರಲ್ಲೇ ಇದ್ದರೆ ಸಿ7 ಅದರ ಕೈಯಳತೆಯಲ್ಲೇ ಇದೆ. ಹಾರಿದ ಕುದುರೆಯನ್ನು ರಾಣಿ ನುಂಗಿಬಿಡುತ್ತದೆ. ಇದು ಗೊತ್ತಿಲ್ಲದವರು ಯಾರೂ ಇಲ್ಲ. ಆದರೂ ಐದು ನಿಮಿಷದ ಆಟದಲ್ಲಿ ಇದೇ ತಪ್ಪನ್ನು ನಾನು ಎಷ್ಟು ಸಲ ಮಾಡಿದ್ದೇನೋ, ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ರಾಜ ಮತ್ತು ಆನೆ ಎರಡೂ ಕಂಡವು, ಪಕ್ಕದಲ್ಲೇ ಕೂತ ರಾಣಿ ಕಾಣಲಿಲ್ಲ.

ರಾಣಿ ಅಲ್ಲಿಲ್ಲ ಅಂತಲೇ ಇಟ್ಟುಕೊಳ್ಳಿ. ಕುದುರೆ ಸಿ7ರ ಕಾಲಾಳನ್ನು ಹೊಡೆದು ಚೆಕ್ ಕೊಟ್ಟಿತು. ಈಗ ಕಪ್ಪು ರಾಜ ಡಿ8ಕ್ಕೆ ಸರಿದ ಅನ್ನೋಣ. ನೋಡಲು ಓಡಿಹೋದ ಹಾಗಿದೆ. ನಿಜವಾಗಿ ಅವನು ಕುದುರೆಯ ಪಕ್ಕಕ್ಕೇ ಬಂದು ಅದನ್ನು ಹೊಡೆಯಲು ನಿಂತಿದ್ದಾನೆ. ಕುದುರೆ ತಕ್ಷಣ ಎ8ಕ್ಕೆ ಹಾರಿ ಆನೆಯನ್ನು ಹೊಡೆಯುತ್ತದೆ. ಸರಿ, ಈಗ ಹೊರಗೆ ಬರೋದು ಹೇಗೆ?

ಬೋರ್ಡಿನ ಮಧ್ಯದಲ್ಲಿ ಕುದುರೆಗೆ 8 ಮನೆಗಳು. ಮೂಲೆಯಲ್ಲಿ ಬರೀ 2. ಎ8ರಿಂದ ಹೊರಬೀಳಲು ಬಿ6 ಮತ್ತು ಸಿ7 ಮಾತ್ರ ಇವೆ. ಸಿ7ರ ಪಕ್ಕದಲ್ಲಿ ರಾಜ ಕೂತಿದ್ದಾನೆ. ಬಿ6ಕ್ಕೆ ಎ7ರ ಕಾಲಾಳಿನ ಕಾವಲು. ಆ ಕಾಲಾಳು ಆಟ ಶುರುವಾದಾಗಿನಿಂದ ಅಲ್ಲಾಡಿಯೇ ಇಲ್ಲ. ಅಂದರೆ ಮೂಲೆಯ ಎರಡು ಬಾಗಿಲಲ್ಲಿ ಒಂದು ಮೊದಲಿನಿಂದಲೂ ಮುಚ್ಚಿಯೇ ಇರುತ್ತದೆ. ಇನ್ನೊಂದನ್ನು ನಾವೇ ಚೆಕ್ ಕೊಟ್ಟು ರಾಜನ ಕೈಯಲ್ಲಿ ಮುಚ್ಚಿಸಿದೆವು. ಇನ್ನು ಕಪ್ಪು ಬಿಡುವಾದಾಗ ಬಿ7ರ ಕಾಲಾಳನ್ನು ಒಂದು ಮನೆ ತಳ್ಳಿ, ಒಂಟೆಯನ್ನು ಬಿ7ಕ್ಕೆ ತಂದರೆ ಕುದುರೆ ಕೈಗೆ ಸಿಗುತ್ತದೆ.

ಲೆಕ್ಕ ನೇರವಾಗಿ ಹಾಕೋಣ. ಸಾಮಾನ್ಯವಾಗಿ ಕಾಲಾಳಿಗೆ 1, ಕುದುರೆಗೆ 3, ಒಂಟೆಗೆ 3, ಆನೆಗೆ 5, ರಾಣಿಗೆ 9 ಅಂತ ಬೆಲೆ ಕಟ್ಟುತ್ತಾರೆ. ಆನೆ ಮತ್ತು ಒಂದು ಕಾಲಾಳು ಬಂತು, ಕುದುರೆ ಹೋಯಿತು. 6ರಲ್ಲಿ 3 ಕಳೆದರೆ 3 ಲಾಭ. ಕಪ್ಪು ರಾಜನಿಗೆ ಇನ್ನು ಕ್ಯಾಸಲಿಂಗ್ (ರಾಜ, ಆನೆ ಒಂದೇ ನಡೆಯಲ್ಲಿ ಸರಿದು ರಾಜ ಭದ್ರವಾಗಿ ಕೂರುವುದು) ಕೂಡ ಇಲ್ಲ. ಹಾಗಾದರೆ ಇದು ಒಳ್ಳೇ ವ್ಯಾಪಾರವೇ ತಾನೇ? ಎಷ್ಟೋ ಸಲ ಹೌದು. ಮೂಲೆಯಲ್ಲಿ ಕುದುರೆ ಸಾಯುತ್ತದೆ ಅಂತ ಹೆದರಿ ಆನೆಯನ್ನು ಬಿಡುವುದೂ ತಪ್ಪೇ.

ಆದರೆ ಈ ಲೆಕ್ಕದಲ್ಲಿ ಸಮಯ ಇಲ್ಲ. ಬಿ1ರಿಂದ ಸಿ3, ಬಿ5, ಸಿ7, ಎ8. ಕುದುರೆ ಒಟ್ಟು ನಾಲ್ಕು ನಡೆ ತಿಂದಿತು. ಅಷ್ಟರಲ್ಲಿ ಎದುರಾಳಿ ಕೈಕಟ್ಟಿ ಕೂತಿರಲಿಲ್ಲ. ಅವರು ಕಳೆದುಕೊಂಡ ಆನೆ ಇನ್ನೂ ನಿದ್ದೆಯಲ್ಲಿತ್ತು, ಆಟಕ್ಕೆ ಬಂದೇ ಇರಲಿಲ್ಲ. ನಮ್ಮ ಕುದುರೆ ಈಗ ಎ8ರಲ್ಲಿ, ಯುದ್ಧದಿಂದ ಬಹಳ ದೂರ. ಅವರ ರಾಣಿ, ಎರಡು ಕುದುರೆ, ಒಂದು ಒಂಟೆ ನಮ್ಮ ರಾಜನ ಕಡೆ ಹೊರಟಿದ್ದರೆ, ಬೋರ್ಡಿನ ಆ ಭಾಗದಲ್ಲಿ ಅವರದ್ದೇ ಸೈನ್ಯ ಜಾಸ್ತಿ. ನಮ್ಮ ಗಲ್ಲಾಪೆಟ್ಟಿಗೆ ತುಂಬಿದೆ, ಮನೆ ಕಾಯಲು ಜನ ಇಲ್ಲ. ಹಾಗಾಗಿ ಸಿ7ಕ್ಕೆ ಹಾರುವ ಮೊದಲು ನಾನು ಕೇಳಿಕೊಳ್ಳುವುದು ಒಂದೇ. ಮೂಲೆಯಲ್ಲಿ ಕುದುರೆ ಇನ್ನು ಇಲ್ಲವೇ ಇಲ್ಲ ಅಂದುಕೊಂಡರೆ, ಉಳಿದವರು ಮುಂದಿನ ಐದಾರು ನಡೆ ತಡೆದುಕೊಳ್ಳುತ್ತಾರಾ?

ತಡೆದುಕೊಳ್ಳದಿದ್ದರೆ ಏನಾಗುತ್ತದೆ ಅಂತ ನೋಡಲು 1890ರ ಒಂದು ಆಟ ಇದೆ. ಬೊಹೆಮಿಯಾದ ಪಾದ್ರಿ ಕಾರೆಲ್ ಟ್ರಾಕ್ಸ್‌ಲರ್ ಕಪ್ಪು ಕಾಯಿಗಳಲ್ಲಿ ಆಡುತ್ತಿದ್ದರು. ಬಿಳಿಯ ಒಂಟೆ ಸಿ4ರಲ್ಲಿ, ಕುದುರೆ ಜಿ5ರಲ್ಲಿ. ಎರಡರ ಕಣ್ಣೂ ಎಫ್7 ಮೇಲೆ. ಯಾರಾದರೂ ಎಫ್7 ಕಾಯಲು ನೋಡುತ್ತಾರೆ. ಟ್ರಾಕ್ಸ್‌ಲರ್ ಕಾಯಲಿಲ್ಲ, ಒಂಟೆಯನ್ನು ಸಿ5ಕ್ಕೆ ತಂದು ಸುಮ್ನಾದರು. ಬಿಳಿ ಕುದುರೆ ಎಫ್7ಕ್ಕೆ ಹಾರಿತು. ಡಿ8ರ ರಾಣಿ, ಎಚ್8ರ ಆನೆ, ಎರಡಕ್ಕೂ ಏಟು. ಟ್ರಾಕ್ಸ್‌ಲರ್ ಆ ಕಡೆ ತಿರುಗಿಯೂ ನೋಡಲಿಲ್ಲ. ಒಂಟೆಯಿಂದ ಎಫ್2 ಹೊಡೆದು ಚೆಕ್ ಕೊಟ್ಟರು. ಬಿಳಿ ರಾಜ ಹೊರಗೆ ಬಂದ. 9ನೇ ನಡೆಯಲ್ಲಿ ಬಿಳಿ ಕುದುರೆ ಕೊನೆಗೂ ರಾಣಿಯನ್ನು ತಿಂದಿತು. ಅಷ್ಟರಲ್ಲಿ ಬಿಳಿ ರಾಜ ಬೋರ್ಡಿನ ಮಧ್ಯದಲ್ಲಿ ಬೆತ್ತಲೆ ನಿಂತಿದ್ದ. ಚೆಕ್ ಮೇಲೆ ಚೆಕ್. 17ನೇ ನಡೆಯಲ್ಲಿ ಒಂದು ಕಾಲಾಳು ಮುಂದೆ ಬಂದು ಅವನ ಕಥೆ ಮುಗಿಸಿತು.

ಈ ಸ್ಥಿತಿಯಲ್ಲಿ ಬಿಳಿ ಸೋಲಲೇಬೇಕು ಅಂತೇನಿಲ್ಲ. ಕುದುರೆಯ ಬದಲು ಒಂಟೆಯಿಂದ ಎಫ್7 ಹೊಡೆದು ಚೆಕ್ ಕೊಡುವುದೇ ಮೇಲು ಅಂತ ಇವತ್ತಿನ ಕಂಪ್ಯೂಟರ್‌ಗಳು ಹೇಳುತ್ತವೆ. ಸಿಗೋದು ಒಂದು ಕಾಲಾಳು, ರಾಣಿ ಮತ್ತು ಆನೆಯ ಆಸೆ ಬಿಡಬೇಕು. ಎಷ್ಟು ಜನರಿಗೆ ಮನಸ್ಸು ಬರುತ್ತದೆ ಹೇಳಿ?

ನನ್ನ ಶಿಲ್ಲಿಂಗ್ ಸೋಲಿನಲ್ಲೂ ಈ ಆಟದಲ್ಲೂ ಒಂದೇ ವಿಷಯ ಇದೆ. ಎರಡೂ ಕಡೆ ಫೋರ್ಕ್ ಬಿದ್ದದ್ದು ರಾಣಿ ಮತ್ತು ಆನೆಗೆ. ರಾಜನಿಗೆ ಚೆಕ್ ಇರಲಿಲ್ಲ. ಕುದುರೆ ಫೋರ್ಕ್‌ಗಳನ್ನು ನಾನು ಎರಡು ಜಾತಿ ಮಾಡುತ್ತೇನೆ, ಚೆಕ್ ಇರುವುದು ಮತ್ತು ಇಲ್ಲದ್ದು. ಇವೆರಡರ ನಡುವಿನ ಅಂತರ ನಾವು ಅಂದುಕೊಂಡದ್ದಕ್ಕಿಂತ ಬಹಳ ದೊಡ್ಡದು. ಚೆಕ್ ಇದ್ದರೆ ಎದುರಾಳಿಯ ಕೈ ಕಟ್ಟಿದ ಹಾಗೆ. ಚೆಕ್ ಇಲ್ಲದಿದ್ದರೆ ಅವರ ಕೈಯಲ್ಲಿ ಒಂದು ಪೂರ್ತಿ ನಡೆ ಇದೆ. ಆ ಒಂದು ನಡೆಯಲ್ಲಿ ಅವರೇ ನಮಗೆ ಚೆಕ್ ಕೊಟ್ಟರೆ ಮುಂದಿನ ನಡೆಯೂ ಅವರದ್ದೇ.

ಒಂದು ಚಿಕ್ಕ ಉದಾಹರಣೆ. ನಮ್ಮ ಬಿಳಿ ಕುದುರೆ ಇ6ಕ್ಕೆ ಹಾರಿ ಡಿ8 ಮತ್ತು ಎಫ್8ರಲ್ಲಿರುವ ಎರಡು ಆನೆಗಳಿಗೆ ಫೋರ್ಕ್ ಹಾಕಿದೆ. ಆಹಾ ಅನ್ನಿಸುತ್ತದೆ. ಆದರೆ ಡಿ ಸಾಲು ಖಾಲಿ ಇದೆ, ಡಿ1ಕ್ಕೆ ನಮ್ಮವರ ಕಾವಲಿಲ್ಲ, ನಮ್ಮ ರಾಜ ಜಿ1ರಲ್ಲಿದ್ದಾನೆ. ಡಿ8ರ ಆನೆ ನೇರ ಡಿ1ಕ್ಕೆ ಇಳಿದು ಚೆಕ್ ಕೊಡುತ್ತದೆ. ರಾಜ ಎಚ್2ಕ್ಕೆ ಹೋಗುತ್ತಾನೆ. ಆಮೇಲೆ ಎಫ್8ರ ಆನೆ ಇ8ಕ್ಕೆ ಸರಿದು ನಮ್ಮ ಕುದುರೆಯನ್ನೇ ಹೊಡೆಯಲು ನಿಲ್ಲುತ್ತದೆ. ಎರಡು ಆನೆಗಳೂ ಪಾರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಜೊತೆಗೆ ಈಗ ಓಡಬೇಕಾದವರು ನಾವು.

ರಾಣಿಗೆ ಹಾಕಿದ ಫೋರ್ಕ್‌ನಲ್ಲಿ ಈ ಅಪಾಯ ಇನ್ನೂ ಜಾಸ್ತಿ. ರಾಣಿಗೆ ಹೋಗಲು ಎಷ್ಟು ಮನೆಗಳಿರುತ್ತವೋ ಅಷ್ಟು ಕಡೆಯಿಂದ ಅದು ತಿರುಗಿ ಏಟು ಕೊಡಬಲ್ಲದು. ಸುಮ್ನೆ ಪಕ್ಕಕ್ಕೆ ಸರಿಯುವ ರಾಣಿ ನಮ್ಮ ಕನಸಿನಲ್ಲಿ ಮಾತ್ರ ಇರುತ್ತದೆ. ಇನ್ನು ಫೋರ್ಕ್ ಬಿದ್ದ ಎರಡೂ ಕಾಯಿಗಳಿಗೆ ಬೇರೆಯವರ ಕಾವಲಿದ್ದು, ಎರಡೂ ನಮ್ಮ ಕುದುರೆಯಷ್ಟೇ ಬೆಲೆಯವಾದರೆ ಅದು ಫೋರ್ಕ್ ಅಲ್ಲವೇ ಅಲ್ಲ. 3 ಕೊಟ್ಟು 3 ತಗೊಂಡ ಹಾಗೆ.

ಕುದುರೆ ಎಲ್ಲಿಗೆ ಹೋಗುತ್ತದೆ ಅನ್ನೋದು ಸುಲಭವಾಗಿ ಕಾಣುತ್ತದೆ. ಎಲ್ಲಿಂದ ಹೊರಟಿತು ಅನ್ನೋದು ಕಾಣುವುದಿಲ್ಲ. ನಿಜವಾದ ನೋವು ಕೊಡುವ ತಪ್ಪು ಇದೇ ಅಂತ ನನಗನ್ನಿಸುತ್ತದೆ. ಯಾಕೆಂದರೆ ಇಲ್ಲಿ ಫೋರ್ಕ್‌ನಲ್ಲಿ ಏನೂ ದೋಷವಿರುವುದಿಲ್ಲ. ಕಪ್ಪು ರಾಜ ಕ್ಯಾಸಲಿಂಗ್ ಮಾಡಿ ಜಿ8ರಲ್ಲಿ ಕೂತಿದ್ದಾನೆ. ಪಕ್ಕದ ಎಫ್8ರಲ್ಲಿ ಆನೆ. ಮುಂದೆ ಎಫ್7, ಜಿ7, ಎಚ್7ರಲ್ಲಿ ಮೂರು ಕಾಲಾಳುಗಳು. ಎಫ್6ರಲ್ಲಿ ಕುದುರೆ. ಬಿಳಿಯ ರಾಣಿ ಡಿ3ರಲ್ಲಿ, ಅದರ ಬೆನ್ನಿಗೆ ಸಿ2ರಲ್ಲಿ ಒಂಟೆ, ಎಚ್1ರಲ್ಲಿ ಆನೆ. ಕಪ್ಪಿನವರಿಗೆ ಎಫ್2 ಕಾಣುತ್ತದೆ. ಅಲ್ಲಿಗೆ ಹೋದರೆ ಡಿ3ರ ರಾಣಿ, ಎಚ್1ರ ಆನೆ ಎರಡಕ್ಕೂ ಏಟು. ಸರಿ, ಕುದುರೆ ಜಿ4ಕ್ಕೆ ಹಾರುತ್ತದೆ, ಮುಂದಿನ ನಿಲ್ದಾಣ ಎಫ್2. ಆ ನಿಲ್ದಾಣ ಬರುವುದೇ ಇಲ್ಲ. ಬಿಳಿ ರಾಣಿ ಎಚ್7 ಹೊಡೆಯುತ್ತದೆ, ಚೆಕ್‌ಮೇಟ್. ಎಫ್6ರಲ್ಲಿ ಸುಮ್ನೆ ನಿಂತ ಹಾಗೆ ಕಂಡ ಕುದುರೆ ಇಷ್ಟು ಹೊತ್ತೂ ಎಚ್7 ಕಾಯುತ್ತಿತ್ತು. ಕ್ಯಾಸಲಿಂಗ್ ಆದ ರಾಜನ ಮುಂದಿನ ಕುದುರೆ ಕೆಲಸವಿಲ್ಲದೆ ನಿಂತ ಹಾಗೆ ಕಂಡರೂ ಅದು ಕಾವಲುಗಾರ. ಅದನ್ನು ಬೇಟೆಗೆ ಕಳಿಸುವಾಗ ಬಾಗಿಲಿಗೆ ಬೇರೆಯವರನ್ನು ನಿಲ್ಲಿಸಬೇಕು. ಪಿನ್ ಆದ ಕುದುರೆಯದ್ದೂ ಇದೇ ಗೋಳು. ಹಿಂದೆ ರಾಣಿ ಇದೆ ಅನ್ನೋದು ಕುದುರೆ ಹಾರಿದ ಮೇಲೆ ನೆನಪಾಗುತ್ತದೆ.

ಕ್ಯಾಸಲಿಂಗ್ ಆದ ಮೇಲೆ ಎಫ್7ಕ್ಕೆ ನುಗ್ಗುವ ಇನ್ನೊಂದು ಚಪಲ ಇದೆ. ಕುದುರೆ ಎಫ್7 ಹೊಡೆಯುತ್ತದೆ, ಎಫ್8ರ ಆನೆ ಅದನ್ನು ಹೊಡೆಯುತ್ತದೆ, ನಮ್ಮ ಒಂಟೆ ಆನೆಯನ್ನು ಹೊಡೆಯುತ್ತದೆ, ರಾಜ ಒಂಟೆಯನ್ನು ಹೊಡೆಯುತ್ತಾನೆ. ಕೊಟ್ಟದ್ದು 3 ಮತ್ತು 3. ಬಂದದ್ದು 5 ಮತ್ತು 1. ಕಾಗದದ ಮೇಲೆ ಸಮ. ಬೋರ್ಡಿನ ಮೇಲೆ ಸಮ ಅಲ್ಲ. ಆಟದ ಶುರುವಿನಲ್ಲಿ ಕುದುರೆ ಮತ್ತು ಒಂಟೆಯ ಜೋಡಿ, ಒಂದು ಆನೆ ಮತ್ತು ಕಾಲಾಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಐದು ನಡೆ ಕಷ್ಟಪಟ್ಟು ಹೊರಗೆ ತಂದ ಎರಡು ಕಾಯಿಗಳು ಹೋದವು. ನಮ್ಮ ಕಡೆ ಉಳಿದವರು ಇನ್ನೂ ಹಾಸಿಗೆಯಿಂದ ಎದ್ದಿಲ್ಲ.

ಇಷ್ಟೆಲ್ಲ ಬೈದ ಮೇಲೆ ಒಂದು ಸರಿಯಾದ ಫೋರ್ಕ್ ನೋಡದಿದ್ದರೆ ಅನ್ಯಾಯ. 1966ರ ವಿಶ್ವ ಚಾಂಪಿಯನ್‌ಷಿಪ್, 10ನೇ ಆಟ. ಟಿಗ್ರಾನ್ ಪೆಟ್ರೋಸಿಯನ್ ಬಿಳಿ, ಬೋರಿಸ್ ಸ್ಪಾಸ್ಕಿ ಕಪ್ಪು. 30ನೇ ನಡೆಯಲ್ಲಿ ಪೆಟ್ರೋಸಿಯನ್ ತಮ್ಮ ರಾಣಿಯನ್ನು ಎಚ್8ರಲ್ಲಿ, ಕಪ್ಪು ರಾಜನ ಪಕ್ಕದಲ್ಲೇ ಇಟ್ಟು ಚೆಕ್ ಕೊಟ್ಟರು. ರಾಜ ರಾಣಿಯನ್ನು ಹೊಡೆದರೆ, ಡಿ6ರ ಕುದುರೆ ಎಫ್7ರ ಆನೆಯನ್ನು ಹೊಡೆದು ಚೆಕ್ ಕೊಡುತ್ತದೆ. ಜೊತೆಗೆ ಜಿ5ರ ಕಪ್ಪು ರಾಣಿಗೂ ಏಟು. ಸ್ಪಾಸ್ಕಿ ಅಲ್ಲೇ ಸೋಲೊಪ್ಪಿಕೊಂಡರು.

ಇಲ್ಲಿ ಎಫ್7ರಲ್ಲಿ ನಿಂತ ಕುದುರೆಯನ್ನು ಹೊಡೆಯಲು ಯಾರೂ ಇಲ್ಲ. ಚೆಕ್ ಇರೋದರಿಂದ ಕಪ್ಪಿಗೆ ತಿರುಗಿ ಏಟು ಕೊಡಲು ನಡೆ ಸಿಗುವುದಿಲ್ಲ. ರಾಣಿಯನ್ನು ಹೊಡೆದ ಮೇಲೆ ಕುದುರೆ ಮೂಲೆಯಲ್ಲಿ ಸಿಕ್ಕಿಹಾಕಿಕೊಳ್ಳದೆ ಜಿ5ಕ್ಕೆ ಬಂದಿರುತ್ತದೆ. ಪೆಟ್ರೋಸಿಯನ್ ರಾಣಿಯನ್ನೇ ಕೊಟ್ಟದ್ದು ಧೈರ್ಯದಿಂದ ಅನ್ನುತ್ತಾರೆ. ನನಗೆ ಕಾಣುವುದು ಲೆಕ್ಕ.

ಇನ್ನೂ ಒಂದು ಬಗೆ ಇದೆ. ಅದರಲ್ಲಿ ಫೋರ್ಕ್ ಬರೀ ನೆಪ. ಫ್ರೈಡ್ ಲಿವರ್ ಅನ್ನುವ ಹೆಸರಿನ ದಾಳಿಯಲ್ಲಿ ಬಿಳಿ ಕುದುರೆ ಎಫ್7ಕ್ಕೆ ಹಾರಿ ರಾಣಿ ಮತ್ತು ಆನೆಯ ಮೇಲೆ ಬೀಳುತ್ತದೆ. ರಾಜ ಅದನ್ನು ತಿನ್ನುತ್ತಾನೆ ಅಂತ ಬಿಳಿಗೆ ಗೊತ್ತು, ತಿನ್ನಲಿ ಅಂತಲೇ ಹಾರಿದ್ದು. ತಕ್ಷಣ ರಾಣಿ ಎಫ್3ಕ್ಕೆ ಬಂದು ಚೆಕ್ ಕೊಡುತ್ತದೆ, ಡಿ5ರ ಕುದುರೆಯ ಮೇಲೂ ಬೀಳುತ್ತದೆ. ಆ ಕುದುರೆಯನ್ನು ಉಳಿಸಿಕೊಳ್ಳಲು ರಾಜ ಇ6ಕ್ಕೆ, ಬೋರ್ಡಿನ ನಡುವೆ ನಡೆದು ಬರಬೇಕು. ಇಟಲಿಯ ಜೂಲಿಯೋ ಪೊಲೆರಿಯೋ 1610ರ ಸುಮಾರಿಗೇ ಇದನ್ನು ಆಡಿದ್ದರು. ಇದನ್ನು ನೋಡಿ ಕಲಿತವರು ಒಂಟೆ ಸಿ4ರಲ್ಲಿ ಇಲ್ಲದಿದ್ದರೂ, ರಾಣಿಗೆ ಎಫ್3 ದಾರಿ ಇಲ್ಲದಿದ್ದರೂ ಕುದುರೆಯನ್ನು ಎಫ್7ಕ್ಕೆ ಎಸೆಯುತ್ತಾರೆ. ಅಲ್ಲಿ ಕುದುರೆ ಸತ್ತದ್ದಷ್ಟೇ ಬಂತು.

ಹವ್ಯಾಸಿಗಳಾದ ನಮಗೆ ಈ ಚಪಲ ಅಂಟಿಕೊಳ್ಳಲು ಒಂದು ಕಾರಣ ಪಝಲ್‌ಗಳು. ಪಝಲ್‌ನಲ್ಲಿ ಫೋರ್ಕ್ ಕಂಡರೆ ಅದು ಬಹುಪಾಲು ಸರಿಯೇ ಇರುತ್ತದೆ, ಯಾಕೆಂದರೆ ಉತ್ತರ ಇದೆ ಅಂತ ಗೊತ್ತಿದ್ದೇ ನಾವು ಹುಡುಕುತ್ತಿರುತ್ತೇವೆ. ಆಟದಲ್ಲಿ ಯಾರೂ ಹಾಗೆ ಹೇಳುವುದಿಲ್ಲ. ಕಣ್ಣು ಪಳಗುತ್ತದೆ, ಅನುಮಾನ ಪಳಗುವುದಿಲ್ಲ.

ಕಣ್ಣಿಗೆ ಒಂದು ಸಣ್ಣ ಉಪಾಯ ಹೇಳಬಹುದು. ಕುದುರೆ ಪ್ರತಿ ನಡೆಗೂ ಮನೆಯ ಬಣ್ಣ ಬದಲಿಸುತ್ತದೆ. ಹಾಗಾಗಿ ಮುಂದಿನ ನಡೆಯಲ್ಲಿ ಫೋರ್ಕ್ ಆಗಬೇಕಾದರೆ, ಸಿಗುವ ಎರಡೂ ಕಾಯಿಗಳು ಕುದುರೆ ಈಗ ನಿಂತ ಬಣ್ಣದ ಮನೆಗಳಲ್ಲೇ ಇರಬೇಕು. ಬಿ5, ಇ8, ಎ8 ಮೂರೂ ಬಿಳಿ ಮನೆಗಳು, ನೋಡಿ ಬೇಕಾದರೆ. ಇದು ಫೋರ್ಕ್ ಹಾಕುವವರಿಗಿಂತ ತಪ್ಪಿಸಿಕೊಳ್ಳುವವರಿಗೆ ಜಾಸ್ತಿ ಉಪಯೋಗ. ಎದುರಾಳಿಯ ಕುದುರೆ ಬಿಳಿ ಮನೆಯಲ್ಲಿದ್ದರೆ ನಮ್ಮ ರಾಜ, ರಾಣಿ ಎರಡನ್ನೂ ಬಿಳಿ ಮನೆಯಲ್ಲಿ ಇಡುವ ಮುನ್ನ ಇನ್ನೊಮ್ಮೆ ಯೋಚಿಸಬಹುದು.

ಕೆಲವು ಸಲ ಫೋರ್ಕ್ ಹಾಕದೆ ಹೆದರಿಸುವುದೇ ಲಾಭ. ಕುದುರೆ ಬಿ5ರಲ್ಲಿ ನಿಂತರೆ ಸಾಕು, ಸಿ7 ಕಾಯಲು ಎದುರಾಳಿ ತಮ್ಮ ಕುದುರೆಯನ್ನು ಎ6ರ ಅಂಚಿಗೆ ತಂದು ಕೂರಿಸುತ್ತಾರೆ. ಅದು ಅಲ್ಲಿಂದ ಬೇಗ ಏಳುವುದಿಲ್ಲ.

ಶಿಲ್ಲಿಂಗ್ ಬಲೆ ನನಗೆ ಮತ್ತೊಮ್ಮೆ ಎದುರಾಯಿತು. ಅದೇ ಮೂರು ನಡೆಗಳು, ಅದೇ ಡಿ4 ಕುದುರೆ, ಅದೇ ಕಾವಲಿಲ್ಲದ ಇ5 ಕಾಲಾಳು. ಈ ಸಲ ಇ5 ಮುಟ್ಟಲಿಲ್ಲ. ನನ್ನ ಕುದುರೆಯಿಂದ ಅವರ ಕುದುರೆಯನ್ನೇ ಹೊಡೆದೆ. ಅವರು ಕಾಲಾಳಿನಿಂದ ವಾಪಸ್ ಹೊಡೆದರು, ನಾನು ಕ್ಯಾಸಲಿಂಗ್ ಮಾಡಿದೆ. ಬಲೆ ಅಲ್ಲಿಗೆ ಖಾಲಿ. ಎದುರಾಳಿ ಚಾಟ್‌ನಲ್ಲಿ ಮುಖ ಸಿಂಡರಿಸಿದ ಒಂದು ಎಮೋಜಿ ಕಳಿಸಿದರು. ಆ ಆಟವನ್ನೂ ನಾನು ಸೋತೆ, ನಲವತ್ತು ನಡೆ ಆದ ಮೇಲೆ, ಬೇರೆ ಏನೋ ತಪ್ಪಿಗೆ.